ಬೆಳೆಯದೆ ಗೆದ್ದವಳು

ನವೆಂಬರ್ 4, ಸೋಮವಾರ

ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಯಾರ ಹತ್ತಿರ ಅಂತ ಗೊತ್ತಿಲ್ಲ, ಓದುವವಳು ನಾನೊಬ್ಬಳೇ. ಬರೆದುಕೊಳ್ಳುವಂಥ ಕಷ್ಟವೂ ನನಗಿಲ್ಲ. ಜೊತೆಗೆ ಭಾಷೆಯ ಗೋಳು ಬೇರೆ. ಹಾಸ್ಟೆಲಿನಲ್ಲಿ ಮನೆಮಾತು ಆಡಿದರೆ ಮೈದಾನ ಸುತ್ತಬೇಕಿತ್ತು, ಹಾಗಾಗಿ ನನ್ನ ಕನ್ನಡ ಅರೆಬೆಂದದ್ದು, ಇಂಗ್ಲಿಷ್ ಅರೆಹಸಿ. ಎರಡನ್ನೂ ಒಂದೇ ಪಾತ್ರೆಗೆ ಹಾಕಿದ್ದೇನೆ.

ಎರಡು ವಿಷಯ ತಲೆ ತಿನ್ನುತ್ತಿವೆ.

ಒಂದು ಕಾಲೇಜಿನದು. ಮೊದಲ ವರ್ಷದವರು ಮೂರು ಮೂರು ಜನ ಸೇರಿ ಒಂದೊಂದು ವಿಡಿಯೋ ಗೇಮ್ ಮಾಡಬೇಕು. ನಮ್ಮದು ಪಾತ್ರ ಬೆಳೆಯುತ್ತಾ ಹೋಗುವ ಆಟ. ಲಾಂದ್ರ ಹಿಡಿದ ಹುಡುಗಿಯೊಬ್ಬಳು ಹಳೆಯ ಗಣಿಯ ಸುರಂಗಕ್ಕೆ ಇಳಿಯುತ್ತಾಳೆ. ಇಲಿ, ಬಾವಲಿ, ಕೊನೆಗೆ ಕಲ್ಲುರಾಜ. ಹೊಡೆದು ಗೆದ್ದಷ್ಟೂ ಅನುಭವದ ಅಂಕ, ಅಂಕ ತುಂಬಿದರೆ ಒಂದು ಲೆವೆಲ್ ಮೇಲೆ, ಲೆವೆಲ್ ಏರಿದರೆ ಮೈಯಲ್ಲಿ ಬಲ. ಪ್ರೋಗ್ರಾಂ ಬರೆಯುವವನು ಕಂಬ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುತ್ತಾನೆ. ಚಿತ್ರ ಬರೆಯುವವಳು ಮಸಿ. ಅವಳ ಬೆರಳು ಯಾವತ್ತೂ ಕಪ್ಪು. ನನಗೆ ಕೊಟ್ಟದ್ದು ಬ್ಯಾಲೆನ್ಸ್. ಇಲಿಗೆ ಎಷ್ಟು ಜೀವ, ಹುಡುಗಿಯ ಏಟಿಗೆ ಎಷ್ಟು ಬಲ, ಯಾವ ಲೆವೆಲ್ಲಿಗೆ ಎಷ್ಟು ಕಷ್ಟ ಅಂತ ಅಂಕಿ ಹೊಂದಿಸುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ಕೆಲಸ.

"ಲೆಕ್ಕದಲ್ಲಿ ನೀನು ರ‍್ಯಾಂಕ್ ಅಲ್ವಾ, ನೀನೇ ಮಾಡು," ಅಂದ ಕಂಬ. "ನಂಗೆ ಕೂಡೋದು ಕಳೆಯೋದು ಎರಡೂ ಒಂದೇ ಥರ ಕಾಣುತ್ತೆ."

"ಅದಕ್ಕೇ ನಿನ್ನ ಪ್ರೋಗ್ರಾಂ ಓಡಲ್ಲ, ಕುಂಟುತ್ತೆ," ಅಂದಳು ಮಸಿ.

ಇನ್ನೊಂದು ವಿಷಯ ಮಿಡತೆ. ನನ್ನ ತಂಗಿ. ನಾನು ಓದಿದ ಹಾಸ್ಟೆಲ್ ಶಾಲೆಯಲ್ಲೇ ಎಂಟನೇ ಕ್ಲಾಸು. ಚಿಕ್ಕಂದಿನಲ್ಲಿ ಒಂದು ಕಡೆ ನಿಂತವಳಲ್ಲ, ಅದಕ್ಕೆ ಆ ಹೆಸರು. ಅವಳಿಗೆ ಅಲ್ಲಿರುವುದು ಬೇಡವಂತೆ. ಯಾಕೆ ಅಂದರೆ ಬಾಯಿ ಬಿಡುವುದಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಶಿಫ್ಟಿನ ಕೆಲಸ. ಅಪ್ಪ ಕ್ರೇನ್ ಆಪರೇಟರ್. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿ ಅವರ ಬಿಡಾರ. ನಾವಿಬ್ಬರೂ ಹಾಸ್ಟೆಲ್ ಸೇರಿದ್ದು ಅದಕ್ಕೇ. ಮಿಡತೆಯ ಸೀಟು ಮುಂದಿನ ವರ್ಷಕ್ಕೂ ಬೇಕೋ ಬೇಡವೋ ಅಂತ ಈ ತಿಂಗಳ ಕೊನೆಯೊಳಗೆ ಅಪ್ಪ ಶಾಲೆಗೆ ಹೇಳಬೇಕು. ನಿನ್ನೆ ನನಗೇ ಫೋನ್ ಮಾಡಿದ್ದರು.

"ನೀನು ಅಲ್ಲಿ ಇದ್ದು ಬಂದೋಳು. ನೀನು ಹೇಳಿದ ಹಾಗೆ ಮಾಡೋಣ."

ಇರಲಿ ಅಂದೆ. "ಮೊದಮೊದಲು ಎಲ್ಲರಿಗೂ ಹಾಗೇ ಅನ್ಸುತ್ತೆ ಅಪ್ಪ. ನಾನು ಒಗ್ಗಿಕೊಳ್ಳಲಿಲ್ವಾ? ಅವಳೂ ಒಗ್ಗಿಕೊಳ್ತಾಳೆ."

ಸರಿಯಾದದ್ದನ್ನೇ ಹೇಳಿದೆ. ಆದರೂ ಫೋನ್ ಇಟ್ಟ ಮೇಲೆ ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಬಹುಶಃ ಪ್ರಾಜೆಕ್ಟಿನ ಯೋಚನೆ.

ನವೆಂಬರ್ 7, ಗುರುವಾರ

ಇವತ್ತು ಮಾನ ಹೋಯಿತು.

ಆಟವನ್ನು ಮೊದಲ ಸಲ ಕ್ಲಾಸಿಗೆ ಬಿಟ್ಟಿದ್ದೆವು. ಪಕ್ಕದ ಟೀಮಿನವನೊಬ್ಬ ಮೊದಲ ಸುರಂಗ ಬಿಟ್ಟು ಅಲ್ಲಾಡಲೇ ಇಲ್ಲ. ಸಮೋಸಕ್ಕೆ ಕಾಯುವವನ ಹಾಗೆ ಇಲಿಗಾಗಿ ಕಾಯುವುದು, ಬಂದದ್ದನ್ನು ಹೊಡೆಯುವುದು, ಅಂಕ ಗುಡ್ಡೆ ಹಾಕುವುದು. ಆಮೇಲೆ ನೇರ ಕೆಳಗಿಳಿದು ಕಲ್ಲುರಾಜನನ್ನು ಒಂದೇ ಏಟಿಗೆ ಮಲಗಿಸಿಬಿಟ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಏನ್ರೀ, ಇವನು ಕಲ್ಲುರಾಜನೋ ಬಿಸ್ಕತ್ತು ರಾಜನೋ? ಚಹಾದಲ್ಲಿ ಅದ್ದಿದ ಹಾಗೆ ಉದುರಿಹೋದ," ಅಂದ.

ಇಡೀ ಕ್ಲಾಸು ನಕ್ಕಿತು. ಮಸಿಯೂ ನಕ್ಕಳು. ನಾನು ಟಾಯ್ಲೆಟ್ಟಿಗೆ ಹೋಗಿ ಮುಂದಿನ ಬೆಲ್ ಹೊಡೆಯುವ ತನಕ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಸಂಜೆಯೊಳಗೆ ಮದ್ದು ಕಂಡುಹಿಡಿದೆ. ಇನ್ನು ಮುಂದೆ ಹುಡುಗಿ ಬೆಳೆದರೆ ಸುರಂಗದಲ್ಲಿರುವ ಎಲ್ಲವೂ ಜೊತೆಗೇ ಬೆಳೆಯುತ್ತವೆ. ಅವಳು ಒಂದು ಮೆಟ್ಟಿಲು ಹತ್ತಿದರೆ ಇಲಿಯೂ ಒಂದು ಮೆಟ್ಟಿಲು. ಎಲ್ಲಾದರೂ ಸಂದು ಉಳಿದೀತು ಅಂತ ಇಲಿಗಳಿಗೆ ಒಂದು ಚೂರು ಜಾಸ್ತಿಯೇ ಸೇರಿಸಿದೆ.

ಕಂಬ ಅಂಕಿಗಳನ್ನು ನೋಡಿ ತಲೆ ಕೆರೆದುಕೊಂಡ. "ಹಂಗಾದ್ರೆ ಬೆಳೆದು ಏನು ಬಂತು?"

"ಬೆಳೆಯೋದು ಅಂದ್ರೇನೇ ಕಷ್ಟ. ಸುಮ್ಮನೆ ಯಾರಿಗೂ ಸಿಗಬಾರದು."

"ನೀನು ವಾರ್ಡನ್ ಆಗಬೇಕಿತ್ತು," ಅಂದ. ಹೊಗಳಿದ್ದು ಅಂತ ತೆಗೆದುಕೊಂಡೆ.

ನವೆಂಬರ್ 9, ಶನಿವಾರ

ಮಿಡತೆ ವಾರದ ರಜೆಗೆ ಬಂದಿದ್ದಾಳೆ. ಬ್ಯಾಗನ್ನು ಬಾಗಿಲ ಪಕ್ಕವೇ ಇಟ್ಟಿದ್ದಾಳೆ, ಬಿಚ್ಚಿಲ್ಲ. ಮಂಚದ ಅಂಚಿನಲ್ಲಿ ಕೂತಿದ್ದಳು.

"ಏನೇ, ನೆಂಟರ ಮನೆಗೆ ಬಂದೋರ ಥರ ಕೂತಿದೀಯ?" ಅಂದಳು ಅಮ್ಮ. "ಹಿಂದಕ್ಕೆ ಸರಿದು ಕೂತ್ಕೋ, ಮಂಚ ಏನೂ ಕಚ್ಚಲ್ಲ."

ಊಟಕ್ಕೆ ಕೂತಾಗ ಅಮ್ಮ ತನಗೆ ಬಡಿಸಿಕೊಳ್ಳುವಷ್ಟರಲ್ಲಿ ನಮ್ಮಿಬ್ಬರ ತಟ್ಟೆ ಖಾಲಿ. ಇಬ್ಬರೂ ಎದ್ದು ತಟ್ಟೆ ತೊಳೆದು ಬೋರಲು ಹಾಕಿದೆವು. ಅಮ್ಮ ಕೈಯಲ್ಲಿ ಸೌಟು ಹಿಡಿದವಳು ಹಾಗೇ ನೋಡುತ್ತಿದ್ದಳು. "ನಿಮ್ಮನ್ನ ಯಾರಾದ್ರೂ ಅಟ್ಟಿಸಿಕೊಂಡು ಬರ್ತಿದಾರಾ?"

ಶಿಸ್ತು ಅಮ್ಮ, ಅಂದೆ. ಮಿಡತೆಯೂ ಕಲಿತಿದ್ದಾಳೆ ಅಂತ ಸಮಾಧಾನವಾಯಿತು. ಅಪ್ಪನಿಗೆ ಹೇಳಿದ್ದು ಸರಿಯೇ ಇದೆ.

ಹೋದ ಟರ್ಮಿನಲ್ಲಿ ಅವಳು ಕ್ಲಾಸಿಗೇ ಮೊದಲು. ನಮ್ಮ ಶಾಲೆಯಲ್ಲೊಂದು ಪದ್ಧತಿ ಇದೆ. ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಬಂದ ಚಿಕ್ಕವರನ್ನು ಕೆಳಗಿನ ಡಾರ್ಮಿಟರಿಯಿಂದ ಎತ್ತಿ ಮೇಲಿನ ಮಹಡಿಗೆ, ಸೀನಿಯರ್‌ಗಳ ಡಾರ್ಮಿಟರಿಗೆ ಹಾಕುತ್ತಾರೆ. ದೊಡ್ಡವರ ಸಹವಾಸದಲ್ಲಿ ಇನ್ನೂ ಚೆನ್ನಾಗಿ ಓದಲಿ ಅಂತ. ಅದು ಗೌರವ. ಈಗ ಅವಳು ಅಲ್ಲಿದ್ದಾಳೆ, ಹಿಂದೆ ನಾನೂ ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ನವೆಂಬರ್ 11, ಸೋಮವಾರ

ಮಿಡತೆಗೆ ಆಟ ಕೊಟ್ಟೆ. ಹೊಸ ಅಂಕಿಗಳನ್ನು ಹೊರಗಿನವರೊಬ್ಬರು ಆಡಿ ನೋಡಬೇಕಿತ್ತು.

ಅವಳು ಮೊದಲು ಒಂದು ಇಲಿಯ ಜೊತೆ ಹೊಡೆದಾಡಿದಳು, ಗೆದ್ದಳು. ಮತ್ತೊಂದು. ಲೆವೆಲ್ ಏರಿತು. ಮೂರನೆಯ ಇಲಿಯ ಏಟನ್ನು ತಿಂದು ನೋಡಿದಳು. ಆಮೇಲೆ ಆಟ ನಿಲ್ಲಿಸಿ ಮೊದಲಿನಿಂದ ಶುರು ಮಾಡಿದಳು.

ಈ ಸಲ ಲಾಂದ್ರ ಆರಿಸಿಬಿಟ್ಟಳು. ಗೋಡೆಗೆ ಒತ್ತಿಕೊಂಡು ನಡೆದಳು. ಇಲಿ ಬಂದರೆ ನಿಂತಳು, ಹೋದ ಮೇಲೆ ಹೊರಟಳು. ಯಾರನ್ನೂ ಹೊಡೆಯಲಿಲ್ಲ, ಒಂದು ಅಂಕವನ್ನೂ ಮುಟ್ಟಲಿಲ್ಲ. ನಾನು ಬಟ್ಟೆ ಮಡಿಸಿ ಮುಗಿಸುವಷ್ಟರಲ್ಲಿ ಕಲ್ಲುರಾಜನ ಬಾಗಿಲಲ್ಲಿದ್ದಳು. ಕಲ್ಲುರಾಜನೂ ಅವಳ ಲೆವೆಲ್ಲಿಗೇ ತಕ್ಕವನಾಗಿ ಬೆಕ್ಕಿನ ಮರಿಯಷ್ಟು ಬಲದವನು. ಪಕ್ಕದಿಂದ ನುಸುಳಿ ಹೊರಗೆ ಹೋದಳು. ಆಟ ಮುಗಿಯಿತು.

"ಇದು ಮೋಸ ಕಣೇ," ಅಂದೆ.

"ಎಲ್ಲಿ ಮೋಸ? ನಿನ್ನ ಆಟಾನೇ ಹಾಗಿದೆ."

"ನೀನು ಬೆಳೆಯಲೇ ಇಲ್ಲ."

"ಬೆಳೆದ್ರೆ ಅವೂ ಬೆಳೀತಾವಲ್ಲಕ್ಕ. ನಂಗಿಂತ ಜಾಸ್ತಿ ಬೆಳೀತಾವೆ. ಚಿಕ್ಕೋಳಾಗೇ ಇದ್ರೆ ಇಲಿ ಇಲಿಯಾಗೇ ಇರುತ್ತೆ." ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. "ಮೂರನೇ ಇಲಿ ಕಚ್ಚಿದಾಗಲೇ ಗೊತ್ತಾಯ್ತು. ಸುಲಭ."

ನನಗೆ ಸಿಟ್ಟು. ನಾವು ಮೂವರು ಕಾಲೇಜಿನಲ್ಲಿ ಓದುವವರು ಕಾಣದ್ದನ್ನು ಎಂಟನೇ ಕ್ಲಾಸಿನವಳು ಕಂಡಳಲ್ಲ ಅಂತ.

ನವೆಂಬರ್ 12, ಮಂಗಳವಾರ

ಸಂದು ಮುಚ್ಚಿದೆ. ಸುರಂಗದ ನಡುವೆ ಕಬ್ಬಿಣದ ಬಾಗಿಲು ಹಾಕಿದ್ದೇನೆ, ಐದನೇ ಲೆವೆಲ್ ಮುಟ್ಟದೆ ತೆರೆಯುವುದಿಲ್ಲ. ಇನ್ನು ಬೆಳೆಯದೆ ಗತಿಯಿಲ್ಲ.

"ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ," ಅಂದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

ಅವಳು ಹುಡುಗಿಯನ್ನು ಆ ಬಾಗಿಲವರೆಗೆ ನಡೆಸಿ ಮೂಲೆಯಲ್ಲಿ ನಿಲ್ಲಿಸಿದಳು. ಅಲ್ಲಿಗೆ ಇಲಿಗಳು ಬರುವುದಿಲ್ಲ, ಕಂಬ ಬರೆದ ದಾರಿ ಅಲ್ಲಿಗೆ ತಲುಪುವುದಿಲ್ಲ. ನಿಲ್ಲಿಸಿ, ಕೈಕಟ್ಟಿ ಪರದೆ ನೋಡುತ್ತಾ ಕೂತಳು.

"ಆಡು."

"ಆಡ್ತಿದೀನಿ."

"ನಿಂತಿದೀಯ."

"ಇಲ್ಲೇ ಇರ್ತೀನಕ್ಕ. ಇಲ್ಲಿ ಯಾರೂ ಬರಲ್ಲ."

ನಾನು ಚಹಾ ಮಾಡಿಕೊಂಡು ಬಂದೆ, ಕುಡಿದೆ, ಲೋಟ ತೊಳೆದೆ. ಪರದೆಯ ಮೇಲೆ ಹುಡುಗಿ ಅದೇ ಮೂಲೆಯಲ್ಲಿ ಅದೇ ಆರಿದ ಲಾಂದ್ರ ಹಿಡಿದು ನಿಂತಿದ್ದಳು. ಮಿಡತೆಯೂ ಅಲುಗಿರಲಿಲ್ಲ.

ಆ ಮೂಲೆಗೂ ಇಲಿ ಬರುವ ಹಾಗೆ ದಾರಿ ಬರೆಯಲು ಕಂಬನಿಗೆ ಹೇಳಬೇಕು. ನಾಳೆ ಹೇಳುತ್ತೇನೆ.

ನವೆಂಬರ್ 14, ಗುರುವಾರ

ಕಂಬನಿಗೆ ಹೇಳಲಿಲ್ಲ. ಮರೆತೆ.

ಮಿಡತೆಯ ಪರೀಕ್ಷೆ ರಜೆಗೆ ಮುಂಚೆಯೇ ಮುಗಿದಿದೆ. ಹೇಗಾಗಿದೆ ಅಂತ ಕೇಳಿದೆ.

"ಲೆಕ್ಕ ಸುಲಭ ಇತ್ತು."

"ಹಾಗಾದ್ರೆ ಈ ಸಲವೂ ಫಸ್ಟ್."

"ಇಲ್ಲ," ಅಂದಳು. ಅನುಮಾನವೇ ಇಲ್ಲದವಳ ಹಾಗೆ.

ಆಮೇಲೆ, ನಾನು ಕೇಳದೇ ಇದ್ದರೂ, "ಅಕ್ಕ, ಮೇಲಿನ ಡಾರ್ಮಲ್ಲಿ ನಿನ್ನನ್ನೂ ನಿಲ್ಲಿಸ್ತಿದ್ರಾ?"

ನಿಲ್ಲಿಸುತ್ತಿದ್ದರು. ಹೊಸದಾಗಿ ಮೇಲೆ ಬಂದವರು ಸೀನಿಯರ್‌ಗಳು ಕೂರು ಅನ್ನುವ ತನಕ ಕೂರುವ ಹಾಗಿಲ್ಲ. ಅವರ ಬಕೆಟ್ಟುಗಳಿಗೆ ನೀರು ತುಂಬಬೇಕು, ಶೂ ಒರೆಸಬೇಕು. ಒಬ್ಬೊಬ್ಬರು ಕೂರು ಅನ್ನುವುದನ್ನು ಮರೆಯುತ್ತಿದ್ದರು, ಅಥವಾ ಮರೆತ ಹಾಗೆ ಮಾಡುತ್ತಿದ್ದರು. ರ‍್ಯಾಂಕ್ ಎಷ್ಟು ಮೇಲೋ ಅಷ್ಟು ಬಕೆಟ್ಟು, ಅದೊಂದು ತಮಾಷೆ. ವಾರ್ಡನ್‌ಗೂ ಗೊತ್ತಿತ್ತು, ಅವರೂ ನಗುತ್ತಿದ್ದರು.

"ನಿಲ್ಲಿಸ್ತಿದ್ರು," ಅಂದೆ. "ಏನೂ ಆಗಲಿಲ್ಲ ನಂಗೆ."

ಮಿಡತೆ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

ಅಷ್ಟರಲ್ಲಿ ಶಿಫ್ಟ್ ಮುಗಿಸಿ ಅಮ್ಮ ರೂಮಿಗೆ ಬಂದಳು. "ಕೂತ್ಕೊಳ್ರೇ, ನಾನೇನು ಇನ್‌ಸ್ಪೆಕ್ಟರಾ?" ಅಂದಳು. ಇಬ್ಬರೂ ಎದ್ದು ನಿಂತಿದ್ದೆವು. ಅಭ್ಯಾಸ.

ನವೆಂಬರ್ 17, ಭಾನುವಾರ

ಮಿಡತೆಯನ್ನು ಬಸ್ಸು ಹತ್ತಿಸಿ ಬಂದೆವು. ಅಳಲಿಲ್ಲ. ಕಿಟಕಿಯ ಪಕ್ಕ ಸೀಟು ಖಾಲಿ ಇದ್ದರೂ ಒಳಗಿನ ಸೀಟಿನಲ್ಲಿ ಕೂತಳು.

ಅಪ್ಪನ ಮೆಸೇಜು: ಇರಲಿ ಅಂತಲೇ ಶಾಲೆಗೆ ಹೇಳಿಬಿಡ್ತೀನಿ, ಈ ವಾರ ಟವರ್ ಕೆಲಸ ಇದೆ, ಮುಗಿದ ಮೇಲೆ ಫೋನ್ ಮಾಡ್ತೀನಿ.

ಸರಿ ಅಪ್ಪ ಅಂತ ಬರೆದೆ. ಅಳಿಸಿದೆ. ಮತ್ತೆ ಅದನ್ನೇ ಬರೆದು ಕಳಿಸಿದೆ.

ನವೆಂಬರ್ 21, ಗುರುವಾರ

ಪ್ರಾಜೆಕ್ಟ್ ಕೊಟ್ಟ ಮೇಡಂ ಇವತ್ತು ನಮ್ಮ ಆಟ ಆಡಿದರು. ಅವರು ಬೇರೆಯವರ ಹಾಗಲ್ಲ, ಕೊನೆಯ ತನಕ ಆಡುತ್ತಾರೆ. ಇಲಿ ಹೊಡೆದರು, ಬೆಳೆದರು, ಬಾವಲಿ ಹೊಡೆದರು, ಬೆಳೆದರು, ಕಬ್ಬಿಣದ ಬಾಗಿಲು ದಾಟಿದರು. ದಾಟಿದವರು ತಿರುಗಿ ಮೊದಲ ಸುರಂಗಕ್ಕೆ ನಡೆದರು. ಅಲ್ಲಿನ ಮೊದಲ ಇಲಿ ಅವರನ್ನು ಕಚ್ಚಿ ಸಾಯಿಸಿತು.

ಕ್ಲಾಸು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಅಂಕಿ ಯಾರದು?" ಅಂದರು.

ಎದ್ದು ನಿಂತೆ.

"ಕೂತು ಮಾತಾಡಮ್ಮ. ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ, ತುಂಬಾ ಅಚ್ಚುಕಟ್ಟು. ನಂದು ಒಂದೇ ಪ್ರಶ್ನೆ. ಮೊದಲ ದಿನ ಹೆದರಿಸಿದ ಇಲಿ ಇವತ್ತೂ ಹಾಗೇ ಹೆದರಿಸಿದ್ರೆ, ನಾನು ಬೆಳೆದೆ ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ಕಷ್ಟ ಇರಬೇಕಲ್ವಾ ಮೇಡಂ?"

"ಇರಲಿ. ಮುಂದೆ ಇರಲಿ, ಹೊಸದಾಗಿ ಇರಲಿ. ಹಳೇದು ಹಿಂದೆಯೇ ಬೆಳೀತಾ ಬಂದ್ರೆ ಅದು ಕಷ್ಟ ಅಲ್ಲ, ಶಿಕ್ಷೆ. ಬುದ್ಧಿ ಇರೋನು ಏನ್ಮಾಡ್ತಾನೆ? ಬೆಳೆಯೋದನ್ನೇ ಬಿಡ್ತಾನೆ."

ಹೊರಗೆ ಬಂದ ಮೇಲೆ ಮಸಿ ನನ್ನ ಭುಜದ ಮೇಲೆ ಕೈ ಹಾಕಿದಳು, ಅಂಗಿಗೆ ಬಣ್ಣ ಹತ್ತಿತು. "ಬಿಡೇ, ಅಂಕಿ ತಾನೆ, ಅಳಿಸಿ ಬರೆದ್ರಾಯ್ತು. ನಾನಾದ್ರೆ ಕಲ್ಲುರಾಜನ ಮೂಗು ಹದಿನಾರು ಸಲ ಬದಲಾಯಿಸಿದೀನಿ."

"ಇನ್ನೂ ಸೌತೆಕಾಯಿ ಥರಾನೇ ಇದೆ," ಅಂದ ಕಂಬ.

ನಾನು ಅವರ ಜೊತೆ ನಗುತ್ತಿದ್ದೆ. ಬೆಳೆಯೋದನ್ನೇ ಬಿಡ್ತಾನೆ. ಬಸ್ಸಿನಲ್ಲಿ ಪೂರ್ತಿ ದಾರಿ ಅದೊಂದೇ ಮಾತು. ಇಳಿಯುವ ಸ್ಟಾಪು ದಾಟಿ ಹೋಗಿ ನಡೆದುಕೊಂಡು ವಾಪಸ್ಸು ಬಂದೆ.

ನವೆಂಬರ್ 22, ಶುಕ್ರವಾರ

ಕಾಲೇಜಿಗೆ ಹೋಗಲಿಲ್ಲ. ಊಟದ ಮೇಜಿನ ಮುಂದೆ ಕೂತು ಅಂಕಿಗಳನ್ನೆಲ್ಲ ಹೊಸದಾಗಿ ಬರೆದೆ. ಪ್ರತಿ ಸುರಂಗದವರಿಗೂ ಅವರವರ ಬಲ, ಅಷ್ಟೇ. ಮೊದಲ ಸುರಂಗದ ಇಲಿ ಕೊನೆಯ ತನಕ ಇಲಿಯೇ, ಬೆಳೆದ ಮೇಲೆ ಅದನ್ನು ಹೊಡೆದರೆ ಅಂಕ ಮಾತ್ರ ಸಿಗುವುದಿಲ್ಲ.

ಪರೀಕ್ಷಿಸಲು ಹುಡುಗಿಯನ್ನು ಐದನೇ ಲೆವೆಲ್ಲಿಗೆ ತಂದು ಹಿಂದಕ್ಕೆ ನಡೆಸಿದೆ. ಇಲಿ ಬಂತು. ಒಂದೇ ಏಟು, ಬಿತ್ತು. ಮತ್ತೆ ಹೊರಗೆ ಹೋಗಿ ಒಳಗೆ ಬಂದೆ. ಮತ್ತೆ ಇಲಿ, ಮತ್ತೆ ಒಂದೇ ಏಟು. ಕೆಲಸ ಮುಗಿದಿತ್ತು, ಪರೀಕ್ಷಿಸುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಹೋಗಿ ಹೋಗಿ ಅದನ್ನೇ ಹೊಡೆಯುತ್ತಿದ್ದೆ. ಅಮ್ಮ ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ.

"ಆ ಇಲಿ ನಿಂಗೇನು ಮಾಡ್ತೇ ಪಾಪ?"

ಅಮ್ಮ ನನ್ನ ಮುಖ ನೋಡಿ, ಬ್ರೆಡ್ಡು ಬಿಸಿ ಮಾಡಿ ತಂದು, ಎದುರಿಗೆ ಕೂತು ಬೆಣ್ಣೆ ಸವರಿ ಕೊಟ್ಟಳು. ತಿನ್ನುತ್ತಾ ಮಾತಾಡಿದೆವು. ಆಸ್ಪತ್ರೆಯಲ್ಲಿ ಒಬ್ಬ ಅಜ್ಜ ಇಂಜೆಕ್ಷನ್ನಿಗೆ ಹೆದರಿ ಮಂಚದ ಕೆಳಗೆ ಅವಿತ ಕಥೆ. ಕೊನೆಗೆ ನೋಡಿದರೆ ಬ್ರೆಡ್ಡು ತಣ್ಣಗಾಗಿ ಬೆಣ್ಣೆ ಗಟ್ಟಿಯಾಗಿತ್ತು, ಇನ್ನೂ ಅರ್ಧ ತಟ್ಟೆಯಲ್ಲೇ ಇತ್ತು.

ನವೆಂಬರ್ 24, ಭಾನುವಾರ

ಮಧ್ಯಾಹ್ನ ಹಾಸ್ಟೆಲಿನಿಂದ ಮಿಡತೆಯ ಫೋನು. ಅಮ್ಮ ಸ್ಪೀಕರ್‌ಗೆ ಹಾಕಿದಳು.

"ಅಕ್ಕ, ರಿಸಲ್ಟ್ ಬಂತು. ಮೂವತ್ತೊಂದನೇ ರ‍್ಯಾಂಕ್." ದನಿಯಲ್ಲಿ ಹಳೆಯ ಮಿಡತೆ, ಕುಪ್ಪಳಿಸುತ್ತಿದ್ದಳು. "ಕೆಳಗಿನ ಡಾರ್ಮಿಗೆ ವಾಪಸ್ ಹಾಕಿದ್ರು."

"ಲೆಕ್ಕ ಸುಲಭ ಇತ್ತು ಅಂದಿದ್ಯಂತಲ್ಲೇ," ಅಂದಳು ಅಮ್ಮ.

"ಬರ್ತಿತ್ತಮ್ಮ. ಬರೀಲಿಲ್ಲ." ಆಮೇಲೆ ನನಗೆ, ದನಿ ತಗ್ಗಿಸಿ, "ಮುಂದಿನ ಸಲ ಇನ್ನೂ ಕೆಳಗೆ ಹೋಗ್ತೀನಿ ಅಕ್ಕ. ಆಗ ನಾನು ಇದೀನಿ ಅಂತಾನೇ ಯಾರಿಗೂ ಗೊತ್ತಾಗಲ್ಲ."

ಹಿಂದೆ ಸಾಲಿನಲ್ಲಿದ್ದ ಹುಡುಗಿ ಏನೋ ಅಂದಳು, ಫೋನ್ ಕಟ್ಟಾಯಿತು.

ಅಮ್ಮ ಡ್ಯೂಟಿಯ ಬಟ್ಟೆಯಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ನಾನು ಎಲ್ಲ ಹೇಳಿದೆ. ಮೇಲಿನ ಮಹಡಿ, ಬಕೆಟ್ಟು, ಕೂರು ಅನ್ನುವ ತನಕ ನಿಲ್ಲುವುದು. ಮಿಡತೆಯದನ್ನು ಹೇಳಲು ಹೊರಟವಳು, ಯಾವ ಬಕೆಟ್ಟಿನ ಹಿಡಿ ಕಿತ್ತಿತ್ತು, ಅದು ಅಂಗೈಯನ್ನು ಎಲ್ಲಿ ಕುಯ್ಯುತ್ತಿತ್ತು ಅಂತೆಲ್ಲ ಹೇಳುತ್ತಿದ್ದೆ. ಅಮ್ಮ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ನಿಂಗೂನಾ?"

"ನಂಗೂ. ಆದ್ರೆ..." ಅಂದೆ.

ಅಮ್ಮ ಡ್ಯೂಟಿಗೆ ತಡವಾಗಿ ಹೋದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಅವಳು ಅಲ್ಲಿರೋದು ಬೇಡ. ಅಪ್ಪ ನಿನ್ನ ಮಾತನ್ನೇ ಕೇಳ್ತಾರೆ. ನೀನೇ ಬರಿ," ಅಂದಳು.

ಅಪ್ಪ ಫೋನ್ ಎತ್ತುತ್ತಿಲ್ಲ. ಕ್ರೇನ್ ಹತ್ತುವಾಗ ಫೋನನ್ನು ಕೆಳಗೇ ಬಿಟ್ಟಿರುತ್ತಾರೆ. ಮೆಸೇಜ್ ಮಾಡುತ್ತೇನೆ. ತಪ್ಪಾಗಬಾರದು ಅಂತ ಮೊದಲು ಇಲ್ಲಿ ಬರೆದುಕೊಂಡಿದ್ದೇನೆ.

ಅಪ್ಪ,

ಮಿಡತೆ ಹಾಸ್ಟೆಲಿನಲ್ಲಿ ಇರುವುದು ಬೇಡ. ಇರಲಿ ಅಂತ ಮೊದಲು ಹೇಳಿದವಳು ನಾನೇ, ಈಗ ಬೇಡ ಅನ್ನುತ್ತಿರುವವಳೂ ನಾನೇ. ಅವಳು ಬೇಕೆಂದೇ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದಾಳೆ. ಮುಂದೆ ಬಂದವರನ್ನು ಅಲ್ಲಿ ಮೇಲಿನ ಮಹಡಿಯಲ್ಲಿ ಏನು ಮಾಡುತ್ತಾರೆ ಅಂತ ನೀವು ಬಂದಾಗ ಹೇಳುತ್ತೇನೆ, ನನಗೆ ಮಾಡಿದ್ದನ್ನೂ ಹೇಳುತ್ತೇನೆ. ಅಮ್ಮನಿಗೆ ಗೊತ್ತು, ಅಮ್ಮನೂ ಬೇಡ ಅನ್ನುತ್ತಿದ್ದಾಳೆ.

ಅವಳನ್ನು ಇಲ್ಲೇ ಹತ್ತಿರದ ಶಾಲೆಗೆ ಸೇರಿಸೋಣ. ಅಮ್ಮನ ಶಿಫ್ಟ್ ಇದ್ದಾಗ ನಾನು ಮನೆಯಲ್ಲಿರುತ್ತೇನೆ, ಕಾಲೇಜಿನ ಕೆಲಸವನ್ನು ಮನೆಯಿಂದಲೂ ಮಾಡಬಹುದು. ನನ್ನ ರೂಮಿನಲ್ಲಿ ಇನ್ನೊಂದು ಮಂಚಕ್ಕೆ ಜಾಗ ಇದೆ, ಅಳೆದು ನೋಡಿದೆ.

ನೀವು ಶಾಲೆಗೆ ಈಗಾಗಲೇ ಹೂಂ ಅಂದಿದ್ದರೆ ಮತ್ತೆ ಫೋನ್ ಮಾಡಿ ಬೇಡ ಅನ್ನಿ. ತಿಂಗಳ ಕೊನೆಯ ತನಕ ಅವಕಾಶ ಇದೆ. ಕೆಳಗೆ ಇಳಿದು ಇದನ್ನು ನೋಡಿದ ತಕ್ಷಣ, ಕೈಕಾಲು ತೊಳೆಯುವುದಕ್ಕೂ ಮುಂಚೆ, ದಯವಿಟ್ಟು ಬೇಗ ಉತ್ತರ ಕೊಡಿ.